ಬ್ಯಾಂಕ್ ಮೆಸೇಜ್ ಲೆಕ್ಕಕ್ಕೆ ಎಐ: ರೈಸ್ ಮಿಲ್, ಹೋಲ್‌ಸೇಲ್ ಅಂಗಡಿಯವರು ತಿಳ್ಕೊಂಡಿರಬೇಕಾದ್ದು

ಗಂಗಾವತಿ: ರೈಸ್ ಮಿಲ್ ಗೇಟಲ್ಲಿ ಲಾರಿ ನಿಂತಿದೆ. ಹಮಾಲರು 26 ಕೆಜಿ ಚೀಲ ಹೇರಿ ಮುಗಿಸಿದ್ದಾರೆ. ಡ್ರೈವರ್‌ಗೆ ಹೊರಡೋ ಅವಸರ. ಖರೀದಿ ಪಾರ್ಟಿ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದಾರೆ. ಹಸಿರು ಟಿಕ್ ಇದೆ, 3,98,400 ರೂಪಾಯಿ ಅಂತ ಇದೆ. ಬಿಲ್ ಇರೋದು 4 ಲಕ್ಷದ್ದು. ಬ್ಯಾಂಕ್ ಮೆಸೇಜ್ ಬರೋದು ಮಾಲಕರ ಫೋನಿಗೆ, ಮಾಲಕರು ಸಂಬಂಧಿಕರ ಮದುವೆಯಲ್ಲಿದ್ದಾರೆ, ಫೋನ್ ಎತ್ತುತ್ತಿಲ್ಲ. ಗುಮಾಸ್ತ ಗೇಟ್ ಪಾಸ್ ಕೊಡಬೇಕೋ, ಬೇಡವೋ?

ಇದು ಉದಾಹರಣೆಗೆ ಹೇಳಿದ್ದು. ಆದ್ರೆ ಗಂಗಾವತಿ, ಕಾರಟಗಿ ಕಡೆ ಉದ್ರಿ ವ್ಯಾಪಾರ ಮಾಡೋ ಯಾರಿಗೂ ಈ ಪರಿಸ್ಥಿತಿ ಹೊಸದಲ್ಲ. ಮೊದಲು ದುಡ್ಡು ಕೈಗೆ ಬರ್ತಿತ್ತು, ಇಲ್ಲವೇ ಚೆಕ್ ಬರ್ತಿತ್ತು, ಸಂಜೆ ಕಿರ್ದಿ ಬರೆದ್ರೆ ಮುಗೀತು. ಈಗ ಕರೆಂಟ್ ಅಕೌಂಟಿಗೆ ನೆಫ್ಟ್, ಮಗನ ನಂಬರಿಗೆ ಯುಪಿಐ, ಅಂಗಡಿ ಕ್ಯೂಆರ್‌ಗೆ ಚಿಲ್ಲರೆ, ವಾಟ್ಸ್‌ಆ್ಯಪ್‌ಗೆ ಚೆಕ್ಕಿನ ಫೋಟೊ. ದುಡ್ಡು ನಾಲ್ಕು ದಾರೀಲಿ ಬರುತ್ತೆ, ಸುದ್ದಿ ಹತ್ತು ದಾರೀಲಿ ಬರುತ್ತೆ. ಈ ಸುದ್ದಿಯನ್ನೆಲ್ಲ ಒಟ್ಟುಹಾಕಿ ಯಾವ ದುಡ್ಡು ಯಾವ ಬಿಲ್ಲಿಗೆ ಅಂತ ಹೊಂದಿಸೋ ಕೆಲಸಕ್ಕೆ ಈಗ ಎಐ ಅಂದ್ರೆ ಕೃತಕ ಬುದ್ಧಿಮತ್ತೆ ಇರೋ ಸಾಫ್ಟ್‌ವೇರ್‌ಗಳು ಬಂದಿವೆ. ಅವು ಏನು ಮಾಡ್ತವೆ, ಎಲ್ಲಿ ಎಡವುತ್ತವೆ ಅನ್ನೋದರ ವಿವರ ಇಲ್ಲಿದೆ.

ಅಂದಹಾಗೆ, 'ಮಧ್ಯಮ ಗಾತ್ರದ ಉದ್ಯಮ' ಅನ್ನೋ ಪದಕ್ಕೆ ಕಾನೂನಿನ ಅಳತೆ ಬೇರೆಯೇ ಇದೆ. 2025ರ ಏಪ್ರಿಲ್ 1ರಿಂದ ವಾರ್ಷಿಕ ವಹಿವಾಟು 10 ಕೋಟಿವರೆಗೆ ಇದ್ದರೆ ಅತಿಸಣ್ಣ, 100 ಕೋಟಿವರೆಗೆ ಸಣ್ಣ, 500 ಕೋಟಿವರೆಗೆ ಮಧ್ಯಮ. ಯಂತ್ರೋಪಕರಣದ ಹೂಡಿಕೆಗೂ ಬೇರೆ ಮಿತಿ ಇದೆ. ಹಾಗಾಗಿ ಊರಲ್ಲಿ 'ದೊಡ್ಡ ಮಿಲ್' ಅನ್ನಿಸಿಕೊಂಡದ್ದು ಸರ್ಕಾರದ ಕಾಗದದಲ್ಲಿ ಸಣ್ಣ ಉದ್ಯಮವೇ ಆಗಿರುತ್ತೆ. ಇದು ಮುಂದೆ ಬಾಕಿ ವಸೂಲಿ ವಿಷಯದಲ್ಲಿ ಉಪಯೋಗಕ್ಕೆ ಬರುತ್ತೆ.

ಒಂದು ಮೆಸೇಜಿನಲ್ಲಿ ಏನೇನಿರುತ್ತೆ?

ಜಮಾ ಆದ ಮೆಸೇಜಿನಲ್ಲಿ ಸಾಮಾನ್ಯವಾಗಿ ಮೊತ್ತ, ಖಾತೆಯ ಕೊನೆಯ ಕೆಲ ಅಂಕಿ, ದಿನಾಂಕ, ಕಳಿಸಿದವರ ಹೆಸರು ಅಥವಾ ಯುಪಿಐ ಐಡಿ, ಜತೆಗೆ ಒಂದು ರೆಫರೆನ್ಸ್ ನಂಬರ್ ಇರುತ್ತೆ. ಜನ ಮೊತ್ತ ನೋಡ್ತಾರೆ, ರೆಫರೆನ್ಸ್ ನಂಬರ್ ಬಿಡ್ತಾರೆ. ಲೆಕ್ಕಕ್ಕೆ ಬೇಕಾಗಿರೋದು ಆ ನಂಬರೇ. ಯುಪಿಐ ಮತ್ತು ಐಎಂಪಿಎಸ್‌ಗೆ ಅದು 12 ಅಂಕಿ. ನೆಫ್ಟ್‌ಗೆ ಯುಟಿಆರ್ ಅಂತಾರೆ, ಅಕ್ಷರ-ಅಂಕಿ ಸೇರಿ 16. ಆರ್‌ಟಿಜಿಎಸ್‌ಗೆ 22. ಒಂದು ಪಾವತಿಗೆ ಒಂದೇ ನಂಬರ್. ಅದೇ ದುಡ್ಡಿನ ಬಗ್ಗೆ ಎಸ್ಸೆಮ್ಮೆಸ್, ಇಮೇಲ್, ಪಾರ್ಟಿ ಕಳಿಸಿದ ಸ್ಕ್ರೀನ್‌ಶಾಟ್ ಮೂರೂ ಬಂದ್ರೂ ಮೂರಕ್ಕೂ ನಂಬರ್ ಒಂದೇ. ಈ ನಂಬರ್ ಹಿಡಿಯದೆ ಬರೀ ಮೊತ್ತ ಹಿಡಿದು ಬರೆದ್ರೆ 50 ಸಾವಿರ ಕಿರ್ದಿಯಲ್ಲಿ ಒಂದೂವರೆ ಲಕ್ಷ ಆಗಿ ಕೂರುತ್ತೆ.

ಕಳಿಸಿದವರ ಜಾಗದಲ್ಲಿರೋ ಹೆಡರ್ ಕೂಡ ನೋಡ್ಬೇಕು. ಬ್ಯಾಂಕುಗಳು ಹತ್ತು ಅಂಕಿಯ ಮೊಬೈಲ್ ನಂಬರಿಂದ ಜಮಾ ಮೆಸೇಜ್ ಕಳಿಸಲ್ಲ. ಟೆಲಿಕಾಂ ಪ್ರಾಧಿಕಾರದ ನಿಯಮದಂತೆ ನೋಂದಾಯಿತ ಹೆಡರ್‌ನಿಂದಲೇ ಬರ್ಬೇಕು. 2025ರ ಮೇನಿಂದ ಹೆಡರ್ ಕೊನೆಗೆ ಒಂದು ಅಕ್ಷರವೂ ಸೇರಿದೆ: ಜಾಹೀರಾತಿಗೆ ಪಿ, ಸೇವೆಗೆ ಎಸ್, ವಹಿವಾಟಿಗೆ ಟಿ, ಸರ್ಕಾರದ್ದಕ್ಕೆ ಜಿ. 'ನಿಮ್ಮ ಖಾತೆಗೆ ಜಮಾ' ಅನ್ನೋ ಮೆಸೇಜ್ ಪಿ ಅಕ್ಷರದ ಹೆಡರ್‌ನಿಂದಲೋ ಯಾರದೋ ಮೊಬೈಲ್ ನಂಬರಿಂದಲೋ ಬಂದಿದ್ರೆ ಅಲ್ಲೇ ನಿಲ್ಲಬೇಕು. ಇಮೇಲ್ ವಿಷಯದಲ್ಲೂ ಒಂದು ಗುರುತಿದೆ. ಬ್ಯಾಂಕುಗಳು ತಮ್ಮ ವೆಬ್‌ಸೈಟ್ ವಿಳಾಸವನ್ನು 'ಡಾಟ್ ಬ್ಯಾಂಕ್ ಡಾಟ್ ಇನ್'ಗೆ ಬದಲಾಯಿಸಲು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು.

ಎಐ ಇಲ್ಲಿ ಮಾಡೋದೇನು?

ಮೆಸೇಜ್ ಓದಿ ಲೆಕ್ಕ ಹಾಕೋ ಆ್ಯಪ್‌ಗಳು ಹತ್ತು ವರ್ಷದಿಂದ ಇವೆ. ಅವು ಅಚ್ಚು ಇಟ್ಕೊಂಡು ಕೆಲಸ ಮಾಡ್ತಿದ್ವು. 'ಕ್ರೆಡಿಟೆಡ್' ಅನ್ನೋ ಪದ ಕಂಡ್ರೆ ಜಮಾ, 'ಡೆಬಿಟೆಡ್' ಕಂಡ್ರೆ ಖರ್ಚು. ಬ್ಯಾಂಕ್ ತನ್ನ ಮೆಸೇಜಿನ ಧಾಟಿ ಬದಲಿಸಿದ ದಿನ ಅಚ್ಚು ಕೆಟ್ಟು ಹೋಗ್ತಿತ್ತು. '5 ಲಕ್ಷ ಸಾಲ ಮಂಜೂರಾಗಿದೆ, ಇಂದೇ ಖಾತೆಗೆ ಕ್ರೆಡಿಟ್' ಅಂತ ಜಾಹೀರಾತು ಬಂದ್ರೆ ಅದನ್ನೂ ಜಮಾಕ್ಕೆ ಸೇರಿಸಿದ ಉದಾಹರಣೆಗಳಿಗೆ ಕೊರತೆ ಇಲ್ಲ.

ಈಗಿನ ಭಾಷಾ ಮಾದರಿಗಳು ವಾಕ್ಯದ ಅರ್ಥ ಹಿಡೀತವೆ. 'ಜಮಾ ಆಗಿದೆ', 'ಜಮಾ ಆಗಲಿದೆ', 'ಕೋರಿಕೆ ಬಂದಿದೆ', 'ವಾಪಸ್ ಹೋಗಿದೆ', 'ಚೆಕ್ ಕ್ಲಿಯರಿಂಗ್‌ಗೆ ಒಳಪಟ್ಟು' ಇವೆಲ್ಲ ಬೇರೆ ಬೇರೆ ಅಂತ ಅವಕ್ಕೆ ಗೊತ್ತಾಗುತ್ತೆ. ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡವನ್ನೂ ಸುಮಾರಾಗಿ ಓದ್ತವೆ. 'ನಾಡಿದ್ದು ಹಾಕ್ತೀನ್ರಿ' ಅಂತ ಸೋಮವಾರ ಬಂದ ಮಾತಿಗೆ ಬುಧವಾರದ ದಿನಾಂಕ ಹಾಕಿ ಜ್ಞಾಪನೆ ಇಡಬಲ್ಲವು. ಆದ್ರೆ 'ಅಮಾವಾಸ್ಯೆ ಕಳೀಲಿ' ಅಂದ್ರೆ ಯಾವತ್ತು ಅನ್ನೋದಕ್ಕೂ, ಶುಕ್ರವಾರ ದೀಪ ಹಚ್ಚಿದ ಮೇಲೆ ಎಷ್ಟೋ ಜನ ದುಡ್ಡು ಹೊರಗೆ ಕೊಡಲ್ಲ ಅನ್ನೋದಕ್ಕೂ ಅದಕ್ಕೆ ನಮ್ಮ ಗುಮಾಸ್ತನಷ್ಟು ಅನುಭವ ಇಲ್ಲ. ಶುಕ್ರವಾರ ಸಂಜೆ ಏಳಕ್ಕೆ ತಾನಾಗೇ ವಸೂಲಿ ಮೆಸೇಜ್ ಕಳಿಸಿ ಹಳೇ ಪಾರ್ಟಿಯ ಮನಸ್ಸು ಕೆಡಿಸೋದು ಯಂತ್ರಕ್ಕೆ ಸಲೀಸು.

ಎರಡನೇ ಕೆಲಸ ಹೊಂದಿಸೋದು, ನಿಜವಾದ ಉಪಯೋಗ ಇಲ್ಲೇ ಇರೋದು. ಮೇಲಿನ ಲಾರಿಯ ಉದಾಹರಣೆಯನ್ನೇ ತಗೊಳ್ಳಿ. 4 ಲಕ್ಷದ ಬಿಲ್ಲಿಗೆ 3,98,400 ಯಾಕೆ ಬಂತು? ಕಳೆದ ವರ್ಷ 10 ಕೋಟಿಗಿಂತ ಹೆಚ್ಚು ವಹಿವಾಟು ಮಾಡಿದ ಖರೀದಿದಾರರು, ಒಬ್ಬ ಮಾರಾಟಗಾರರಿಂದ ವರ್ಷಕ್ಕೆ 50 ಲಕ್ಷ ಮೀರಿ ಮಾಲು ಕೊಂಡ್ರೆ, ಮೀರಿದ ಮೊತ್ತಕ್ಕೆ 0.1% ಟಿಡಿಎಸ್ ಹಿಡೀಬೇಕು. 4 ಲಕ್ಷಕ್ಕೆ ಅದು 400 ರೂಪಾಯಿ. ಉಳಿದ 1,200 ಹೋದ ಲೋಡಿನ ತೂಕದ ಕೊರತೆ, ಅದರ ಬಗ್ಗೆ ವಾರದ ಹಿಂದೆ ವಾಟ್ಸ್‌ಆ್ಯಪ್‌ನಲ್ಲಿ ಮಾತಾಗಿದೆ. ಬಿಲ್, ಟಿಡಿಎಸ್ ನಿಯಮ, ಹಳೇ ಮಾತುಕತೆ ಮೂರನ್ನೂ ಒಟ್ಟಿಗಿಟ್ಟು 'ಇದು ಆ ಬಿಲ್ಲೇ ಇರಬೇಕು' ಅಂತ ಹೇಳೋದು ಎಐಗೆ ಸೆಕೆಂಡುಗಳ ಕೆಲಸ. ಗುಮಾಸ್ತನಿಗೆ ಅದೇ ಅರ್ಧ ಗಂಟೆ ಮತ್ತು ಎರಡು ಫೋನ್ ಕರೆ. ದಿನಕ್ಕೆ ನೂರು ಜಮಾ ಇರೋ ಕಡೆ ಈ ವ್ಯತ್ಯಾಸ ದೊಡ್ಡದು.

ಹೆಸರಿನ ತೊಡಕೂ ಇದೆ. ಬಿಲ್ ಅಂಗಡಿ ಹೆಸರಲ್ಲಿ, ದುಡ್ಡು ಬರೋದು ಅಣ್ಣನ ಖಾತೆಯಿಂದ ಅಥವಾ ಸೊಸೆಯ ಯುಪಿಐಯಿಂದ. ಎರಡು ಮೂರು ಸಲ ಹೀಗೆ ಬಂದಿದ್ರೆ ಎಐ ಅದನ್ನು ಕಲಿತು ಮುಂದಿನ ಸಲ ತಾನೇ ಸರಿಯಾದ ಪಾರ್ಟಿಗೆ ಹಾಕುತ್ತೆ.

ಎಡವೋದು ಎಲ್ಲಿ?

ಮೊದಲನೇದು, ಅನುಮಾನ ಇದ್ರೂ ಅನುಮಾನ ತೋರಿಸದೆ ಉತ್ತರ ಕೊಡೋದು. ಬಸವೇಶ್ವರ ಟ್ರೇಡರ್ಸ್ ಅನ್ನೋ ಹೆಸರಿನ ಅಂಗಡಿ ಯಾವ ತಾಲೂಕಲ್ಲಿ ಇಲ್ಲ? ಒಂದೇ ಹೆಸರಿನ ಇಬ್ಬರು, ಒಂದೇ ದಿನ, ಇಬ್ಬರೂ 50 ಸಾವಿರ ಹಾಕಿದ್ರೆ ಯಂತ್ರ ಊಹೆ ಮಾಡಿ ಒಬ್ಬರ ಖಾತೆಗೆ ಇಬ್ಬರದ್ದನ್ನೂ ಹಾಕಬಹುದು. ದುಡ್ಡು ಕೊಟ್ಟವನಿಗೆ ವಸೂಲಿ ಮೆಸೇಜ್ ಹೋಗುತ್ತೆ, ಕೊಡದವನು ಸುಮ್ಮನಿರ್ತಾನೆ. ಹಾಗಾಗಿ ಒಳ್ಳೆ ಸಾಫ್ಟ್‌ವೇರ್ ಅಂದ್ರೆ ಎಲ್ಲವನ್ನೂ ಹೊಂದಿಸಿಬಿಡೋದಲ್ಲ, ಗೊತ್ತಾಗದ್ದನ್ನು ಬೇರೆ ಪಟ್ಟಿ ಮಾಡಿ ಗುಮಾಸ್ತನ ಮುಂದೆ ಇಡೋದು. ಕೊಳ್ಳೋ ಮುಂಚೆ ಮಾರಾಟಗಾರರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಇನ್ನೊಂದು, ಭಾಷಾ ಮಾದರಿಗಳು ಅಂಕಿ ನಕಲು ಮಾಡುವಾಗ, ಕೂಡುವಾಗ ತಪ್ಪು ಮಾಡೋದುಂಟು. ಮೆಸೇಜ್ ಓದೋದು ಎಐ ಮಾಡಲಿ, ಕೂಡಿಸಿ ಕಳೆಯೋದು ಟ್ಯಾಲಿಯೋ ಎಕ್ಸೆಲ್ಲೋ ಮಾಡಲಿ.

ಎರಡನೇದು ಇನ್ನೂ ಮುಖ್ಯ. ಮೆಸೇಜ್ ಬರದಿದ್ರೆ ಎಐಗೆ ಆ ದುಡ್ಡೇ ಇಲ್ಲ. ಎಚ್‌ಡಿಎಫ್‌ಸಿ ಬ್ಯಾಂಕ್ 2024ರ ಜೂನ್ 25ರಿಂದ 500 ರೂಪಾಯಿಗಿಂತ ಕಡಿಮೆ ಯುಪಿಐ ಜಮಾಕ್ಕೆ, 100ಕ್ಕಿಂತ ಕಡಿಮೆ ಯುಪಿಐ ಖರ್ಚಿಗೆ ಎಸ್ಸೆಮ್ಮೆಸ್ ನಿಲ್ಲಿಸಿದೆ. ಕಿರಾಣಿ, ಬೇಕರಿ, ಮೆಡಿಕಲ್ ಅಂಗಡಿಗೆ ಬರೋ ದುಡ್ಡಲ್ಲಿ 500ರ ಒಳಗಿನದ್ದೇ ಹೆಚ್ಚು. ಬರೀ ಎಸ್ಸೆಮ್ಮೆಸ್ ನಂಬಿ ಲೆಕ್ಕ ಮಾಡಿದ್ರೆ ಅರ್ಧ ವ್ಯಾಪಾರ ಕಾಣಲ್ಲ. ಕ್ಯೂಆರ್ ಕಂಪನಿಗಳದ್ದು ಬೇರೆ ರೀತಿ. ಎಷ್ಟೋ ಕಡೆ ದಿನದ 60 ಗಿರಾಕಿಗಳ ದುಡ್ಡು ಒಟ್ಟಾಗಿ ಒಂದೇ ಮೊತ್ತವಾಗಿ ಬ್ಯಾಂಕಿಗೆ ಬೀಳುತ್ತೆ. ಬ್ಯಾಂಕ್ ಮೆಸೇಜ್ ಒಂದೇ. ಬಿಡಿ ವಿವರ ಬೇಕಂದ್ರೆ ಕ್ಯೂಆರ್ ಆ್ಯಪಿನ ವರದಿಯನ್ನೇ ಇಳಿಸ್ಕೋಬೇಕು.

ಅದಕ್ಕೇ ಲೆಕ್ಕ ಬಲ್ಲವರು ಹೇಳೋ ಕ್ರಮ ಹೀಗಿದೆ: ಮೆಸೇಜ್ ಸುದ್ದಿಗೆ, ಸ್ಟೇಟ್‌ಮೆಂಟ್ ಲೆಕ್ಕಕ್ಕೆ. ಹಗಲು ಮೆಸೇಜ್ ನೋಡಿ ಗುರುತು ಹಾಕ್ಕೊಂಡ್ರೂ ರಾತ್ರಿ ಬ್ಯಾಂಕ್ ಸ್ಟೇಟ್‌ಮೆಂಟ್ ಜತೆ ರೆಫರೆನ್ಸ್ ನಂಬರ್ ತಾಳೆ ಆಗಬೇಕು. ತಾಳೆ ಆಗದ್ದು ಕಿರ್ದಿಗೆ ಹೋಗಬಾರದು.

ಸ್ಕ್ರೀನ್‌ಶಾಟ್ ಅನ್ನೋ ಬಲೆ

ಯುಪಿಐ ಆ್ಯಪ್‌ಗಳ ಹಾಗೇ ಕಾಣೋ ನಕಲಿ ಆ್ಯಪ್‌ಗಳಿವೆ. ಹೆಸರು, ಮೊತ್ತ ಹಾಕಿದ್ರೆ ಹಸಿರು ಟಿಕ್, ಟಿಂಗ್ ಅನ್ನೋ ಸದ್ದು ಎಲ್ಲ ಬರುತ್ತೆ, ದುಡ್ಡು ಮಾತ್ರ ಬರಲ್ಲ. ಫೋಟೊ ಓದೋ ಎಐ ಇಂಥ ಸ್ಕ್ರೀನ್‌ಶಾಟನ್ನೂ ಚೆನ್ನಾಗಿ ಓದಿ, ಮೊತ್ತ, ದಿನಾಂಕ, ನಂಬರ್ ಎಲ್ಲ ಅಚ್ಚುಕಟ್ಟಾಗಿ ಪಟ್ಟಿ ಮಾಡಿ ಕೊಡುತ್ತೆ. ಅಚ್ಚುಕಟ್ಟಾಗಿ ಬಂದಿದ್ದಕ್ಕೇ ಗುಮಾಸ್ತ ನಂಬಿಬಿಡೋ ಅಪಾಯ ಜಾಸ್ತಿ. ಯಂತ್ರ ಓದಿದ್ದು ಚಿತ್ರವನ್ನು, ಬ್ಯಾಂಕನ್ನಲ್ಲ. ಸೌಂಡ್‌ಬಾಕ್ಸ್ ಈ ವಿಷಯದಲ್ಲಿ ಪರವಾಗಿಲ್ಲ, ಅದಕ್ಕೆ ಸುದ್ದಿ ಬರೋದು ಗಿರಾಕಿ ಫೋನಿಂದ ಅಲ್ಲ, ಕಂಪನಿಯ ಸರ್ವರ್‌ನಿಂದ.

ಸ್ಕ್ರೀನ್‌ಶಾಟ್ ನಿಜವೇ ಇದ್ರೂ ಅವಸರ ಬೇಡ. ನೆಫ್ಟ್ 2019ರ ಡಿಸೆಂಬರ್ 16ರಿಂದ ದಿನದ 24 ಗಂಟೆಯೂ ನಡೀತಿದೆ, ಆದ್ರೆ ಅದು ಅರ್ಧ ಗಂಟೆಗೊಂದು ಬ್ಯಾಚ್. ಬ್ಯಾಚ್ ಮುಗಿದ ಮೇಲೆ ಎರಡು ಗಂಟೆ ಒಳಗೆ ಜಮಾ ಮಾಡೋಕೆ ಬ್ಯಾಂಕಿಗೆ ಅವಕಾಶ ಇದೆ. ಪಾರ್ಟಿಯ ಪರದೆಯಲ್ಲಿ 'ಯಶಸ್ವಿ' ಅಂತ ಬಂದಿರೋದು ಕೋರಿಕೆ ಸ್ವೀಕಾರವಾಯ್ತು ಅನ್ನೋದಕ್ಕೂ ಇರಬಹುದು. 2 ಲಕ್ಷ ಮತ್ತು ಅದಕ್ಕಿಂತ ಹೆಚ್ಚಿನದ್ದಕ್ಕೆ ಆರ್‌ಟಿಜಿಎಸ್ ಕೇಳಿದ್ರೆ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತೆ. ಅಂದ್ರೆ ಲಾರಿ ಗೇಟಲ್ಲೇ ಇರಲಿ. ಮಾಲಕರ ಫೋನಿಗೆ ಕಾಯೋ ಬದಲು, ಖಾತೆಯನ್ನು ನೋಡೋಕೆ ಮಾತ್ರ ಅವಕಾಶ ಇರೋ ಲಾಗಿನ್ ಗುಮಾಸ್ತನಿಗೆ ಕೊಡಿಸಿದ್ರೆ ಈ ಪ್ರಶ್ನೆಯೇ ಬರಲ್ಲ. ಹಲವು ಬ್ಯಾಂಕುಗಳ ಬಿಸಿನೆಸ್ ನೆಟ್‌ಬ್ಯಾಂಕಿಂಗ್‌ನಲ್ಲಿ ಈ ಸೌಲಭ್ಯ ಇದೆ. ಇದಕ್ಕೆ ಎಐ ಬೇಕಿಲ್ಲ, ಬ್ಯಾಂಕಿಗೆ ಒಂದು ಅರ್ಜಿ ಸಾಕು.

ದುಡ್ಡು ಹೊರಗೆ ಹೋಗುವಾಗಲೂ ಮೋಸ ಇದೆ. 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ಮೇಲೆ ಇದಕ್ಕೆ ಹಾಕಿ' ಅಂತ ಮಾಲು ಕೊಡೋರ ಹೆಸರಲ್ಲಿ ಇಮೇಲ್ ಬರುತ್ತೆ. ಹಳೇ ಪಾವತಿಗಳ ಖಾತೆ ನಂಬರ್ ಜತೆ ಹೋಲಿಸಿ 'ಇದು ಹೊಸ ಖಾತೆ, ಫೋನ್ ಮಾಡಿ ಕೇಳಿ' ಅಂತ ಎಚ್ಚರಿಸೋದ್ರಲ್ಲಿ ಎಐ ನಿಜಕ್ಕೂ ಉಪಯೋಗಿ. ಫೋನ್ ಮಾತ್ರ ಇಮೇಲಲ್ಲಿರೋ ನಂಬರಿಗೆ ಅಲ್ಲ, ಹಳೇ ನಂಬರಿಗೆ ಮಾಡ್ಬೇಕು. ದುಡ್ಡು ಹೋಗಿಬಿಟ್ಟಿದ್ರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ರೆಫರೆನ್ಸ್ ನಂಬರ್ ಕೊಡಬೇಕು. ಆ ನಂಬರ್ ಹಿಡಿದೇ ಮುಂದಿನ ಖಾತೆಯಲ್ಲಿ ದುಡ್ಡು ತಡೆಯೋದು.

ಬಾಕಿ ದಿನ ಎಣಿಸೋದು

ಉದ್ಯಮ್ ನೋಂದಣಿ ಇರೋ ಅತಿಸಣ್ಣ, ಸಣ್ಣ ಉದ್ಯಮಕ್ಕೆ ಖರೀದಿದಾರರು ಕರಾರು ಇಲ್ಲದಿದ್ರೆ 15 ದಿನದಲ್ಲಿ, ಕರಾರು ಇದ್ರೂ ಹೆಚ್ಚೆಂದ್ರೆ 45 ದಿನದಲ್ಲಿ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತೆ. ತಡವಾದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024-25ರ ತೆರಿಗೆ ನಿರ್ಧರಣಾ ವರ್ಷದಿಂದ, ಈ ಗಡುವು ಮೀರಿಸಿದ ಖರೀದಿದಾರರಿಗೆ ದುಡ್ಡು ಕೊಟ್ಟ ವರ್ಷದಲ್ಲಷ್ಟೇ ಆ ಖರ್ಚಿನ ಲಾಭ ಸಿಗುತ್ತೆ. ಇಲ್ಲೊಂದು ಸೂಕ್ಷ್ಮ ಇದೆ. ಭತ್ತ ಅಕ್ಕಿ ಮಾಡೋ ಮಿಲ್ ಉತ್ಪಾದಕ, ಅದಕ್ಕೆ ಈ ರಕ್ಷಣೆ ಅನ್ವಯ. ಬರೀ ಕೊಂಡು ಮಾರೋ ಅಂಗಡಿಗೆ 2021ರ ಜುಲೈಯಿಂದ ಉದ್ಯಮ್ ನೋಂದಣಿ ಸಿಕ್ಕಿದ್ರೂ ಅದು ಆದ್ಯತಾ ವಲಯದ ಸಾಲಕ್ಕೆ ಮಾತ್ರ. ಮಿಲ್‌ನವರು ಎಐಗೆ ಒಪ್ಪಿಸಬಹುದಾದ ಒಳ್ಳೆ ಕೆಲಸ ಇದು: ಪ್ರತಿ ಬಿಲ್ಲಿಗೆ ಮಾಲು ತಲುಪಿದ ದಿನದಿಂದ ಎಣಿಸಿ 40ನೇ ದಿನಕ್ಕೆ ಎಚ್ಚರಿಸೋದು.

ಚಿಲ್ಲರೆ ಅಂಗಡಿಯವರಿಗೆ ಇನ್ನೊಂದು ನೆನಪು ಇನ್ನೂ ಹಸಿ ಇದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಜಮಾ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸ್ ಬಂದದ್ದು ಎಲ್ಲೆಡೆ ಸುದ್ದಿಯಾಯ್ತು. ಬೆಂಗಳೂರಲ್ಲಿ ಕ್ಯೂಆರ್ ತೆಗೆದು 'ಕ್ಯಾಶ್ ಮಾತ್ರ' ಬೋರ್ಡ್ ಹಾಕಿದರು. ಆಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜತೆ ಸಭೆ ಮಾಡಿ, ನೋಂದಣಿ ಮಾಡಿಸಿಕೊಂಡ್ರೆ ಹಳೇ ಬಾಕಿ ವಸೂಲಿ ಇಲ್ಲ ಅಂದರು. ಆಗ ಗೊತ್ತಾಗಿದ್ದು ಏನಂದ್ರೆ, ಒಂದೇ ಖಾತೆಗೆ ವ್ಯಾಪಾರದ ದುಡ್ಡು, ಚೀಟಿ ದುಡ್ಡು, ಕೈಸಾಲ, ತಮ್ಮ ಕಳಿಸಿದ್ದು ಎಲ್ಲ ಬಿದ್ದಿದೆ, ನಾಲ್ಕು ವರ್ಷದ ಮೇಲೆ ಯಾವುದು ಏನು ಅಂತ ಬಿಡಿಸಿ ಹೇಳೋರು ಇಲ್ಲ. ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ಮೀರಿದ್ರೆ ಜಿಎಸ್‌ಟಿ ನೋಂದಣಿ ಬೇಕು. ಬರೀ ತರಕಾರಿ, ಹಾಲಿನಂಥ ತೆರಿಗೆ ಇಲ್ಲದ ಮಾಲು ಮಾರೋರಿಗೆ ಬೇಕಿಲ್ಲ, ಆದ್ರೆ ಅದು ತರಕಾರಿ ದುಡ್ಡೇ ಅಂತ ತೋರಿಸೋಕೆ ಕಾಗದ ಇರಬೇಕು. ದಿನಾ ರಾತ್ರಿ ಎಐ 'ಇದು ವ್ಯಾಪಾರವೋ, ಮನೆಯದ್ದೋ?' ಅಂತ ಕೇಳಿ ಗುರುತು ಹಾಕಿಸ್ಕೊಂಡ್ರೆ ಐದು ನಿಮಿಷದ ಕೆಲಸ. ಎರಡು ಖಾತೆ ಬೇರೆ ಮಾಡಿದ್ರೆ ಅದೂ ಬೇಕಿಲ್ಲ.

ಯಾರ ಕೈಗೆ ಕೊಡ್ತಿದ್ದೀವಿ?

ಎಸ್ಸೆಮ್ಮೆಸ್ ಓದೋಕೆ ಆ್ಯಪಿಗೆ ಅನುಮತಿ ಕೊಟ್ಟರೆ ಅದು ಬ್ಯಾಂಕ್ ಮೆಸೇಜ್ ಮಾತ್ರ ಓದುತ್ತೆ ಅಂದ್ಕೋಬೇಡಿ, ಒಟಿಪಿಯೂ ಅದರ ಕಣ್ಣಿಗೆ ಬೀಳುತ್ತೆ. ಗೂಗಲ್ ಪ್ಲೇ 2019ರಿಂದ ಈ ಅನುಮತಿಯನ್ನು ಆಯ್ದ ಬಳಕೆಗಷ್ಟೇ ಬಿಡ್ತಿದೆ. ಆದ್ರೆ ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲ್ ಕಳಿಸಿ 'ಇನ್‌ಸ್ಟಾಲ್ ಮಾಡಿ' ಅನ್ನೋರಿಗೆ ಆ ಕಟ್ಟುಪಾಡು ಇಲ್ಲ. ಲೆಕ್ಕದ ಆ್ಯಪ್ ಅಂತ ಹೇಳಿದ್ರೂ ಎಪಿಕೆ ಬೇಡ. ಎಐ ಲೆಕ್ಕ ಬೇಕೆನ್ನೋರು ಒಟಿಪಿ ಬರೋ ನಂಬರ್ ಬೇರೆ, ಜಮಾ ಮೆಸೇಜ್ ಬರೋ ಫೋನ್ ಬೇರೆ ಇಡೋದು, ಇಲ್ಲವೇ ಎಸ್ಸೆಮ್ಮೆಸ್ ಬಿಟ್ಟು ಸ್ಟೇಟ್‌ಮೆಂಟ್ ಫೈಲನ್ನೇ ಕೊಡೋದು ವಾಸಿ.

ಸ್ಟೇಟ್‌ಮೆಂಟನ್ನು ಹಾಗೇ ಕಾಪಿ ಮಾಡಿ ಪುಕ್ಕಟೆ ಎಐ ಚಾಟ್‌ಗೆ ಹಾಕೋದು ಈಗ ರೂಢಿ ಆಗ್ತಿದೆ. ಅದರಲ್ಲಿ ಮಾಲಕರ ಲೆಕ್ಕ ಮಾತ್ರ ಇರಲ್ಲ, ನೂರಾರು ಗಿರಾಕಿಗಳ ಹೆಸರು, ಯುಪಿಐ ಐಡಿ, ಕೆಲವು ಕಡೆ ಫೋನ್ ನಂಬರೇ ಇರುತ್ತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಹಂತ ಹಂತವಾಗಿ ಜಾರಿಗೆ ಬರ್ತಿವೆ. ಗಿರಾಕಿಗಳ ಮಾಹಿತಿಗೆ ಅಂಗಡಿಯೇ ಹೊಣೆ.

ಶುರು ಮಾಡೋರು ಮೊದಲೇ ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ. ಹೋದ ತಿಂಗಳ ಒಂದು ವಾರದ ಸ್ಟೇಟ್‌ಮೆಂಟ್ ಇಳಿಸಿ, ಅದೇ ವಾರದ ಮೆಸೇಜ್, ಸ್ಕ್ರೀನ್‌ಶಾಟ್ ಪಕ್ಕಕ್ಕಿಟ್ಟು ಎಷ್ಟು ಜಮಾಕ್ಕೆ ಮೆಸೇಜೇ ಬಂದಿಲ್ಲ, ಎಷ್ಟು ಸ್ಕ್ರೀನ್‌ಶಾಟ್‌ಗೆ ಜಮಾ ಇಲ್ಲ ಅಂತ ಎಣಿಸಿದ್ರೆ ಎಐ ಬೇಕೋ ಬೇಡವೋ ಅಲ್ಲೇ ಗೊತ್ತಾಗುತ್ತೆ. ಕೊಳ್ಳೋದಾದ್ರೂ ಮೊದಲ ಎರಡು ತಿಂಗಳು ಗುಮಾಸ್ತನ ಕಿರ್ದಿ ಒಂದು ಕಡೆ, ಯಂತ್ರದ್ದು ಒಂದು ಕಡೆ ನಡೀಲಿ. ಪ್ರೈವೇಟ್ ಲಿಮಿಟೆಡ್ ಕಂಪನಿ ಆಗಿದ್ರೆ 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾರು ಏನು ತಿದ್ದಿದರು ಅನ್ನೋ ದಾಖಲೆ ಕಡ್ಡಾಯ, ಎಐ ತಿದ್ದಿದ್ದಕ್ಕೂ ಅದು ಉಳೀಬೇಕು.

ಫೋನ್ ಬದಲಿಸೋ ಮುಂಚೆ ಹಳೇ ಮೆಸೇಜ್‌ಗಳ ಬ್ಯಾಕಪ್ ತಗೊಳ್ಳೋದನ್ನು ಬಹಳ ಜನ ಮರೀತಾರೆ. ಜಿಎಸ್‌ಟಿ ನೋಂದಣಿ ಇರೋರು ಆಯಾ ವರ್ಷದ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಇಟ್ಕೊಂಡಿರಬೇಕು. ಅಷ್ಟು ವರ್ಷ ಯಾವ ಫೋನೂ ಬಾಳಲ್ಲ, ಹಾಗಾಗಿ ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ಮತ್ತು ಕ್ಯೂಆರ್ ಆ್ಯಪಿನ ವರದಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ, ಆಡಿಟರ್ ಹತ್ರ ಒಂದು ಪ್ರತಿ ಇಡಬೇಕು.